ದೋಣಿ ತಳ್ಳಲು ಇಳಿದವರು

ಭಾನುವಾರ,
ಸೈಕಲ್ ಅಂಗಡಿಯಿಂದ

ನನ್ನ ಸಿಡುಕಿ ತಂಗಿಗೆ ಅಣ್ಣನ ಆಶೀರ್ವಾದಗಳು.

ಇಲ್ಲಿ ನಾನು ಕ್ಷೇಮ ಎಂದು ಬರೆಯಲು ಹೊರಟೆ, ನಾಚಿಕೆಯಾಗಿ ನಿಲ್ಲಿಸಿದೆ. ನಿನ್ನ ಕಾಗದ ಬಂತು. ಬೈಗುಳವನ್ನೂ ಅಷ್ಟು ದುಂಡಾದ ಅಕ್ಷರದಲ್ಲಿ ಬರೆಯುವವಳು ನಮ್ಮ ಮನೆಯಲ್ಲಿ ನೀನೊಬ್ಬಳೇ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಮೂಗು ಮುರಿಯಬೇಡ. ನಮ್ಮೂರ ಶಾಲೆಯಲ್ಲಿ ನಾಲ್ಕನೇ ತರಗತಿಯನ್ನು ನನ್ನಷ್ಟು ವರ್ಷ ಓದಿದವನು ಇನ್ನೂ ಹುಟ್ಟಿಲ್ಲ.

"ನೀನು ಕಟ್ಟಿದ ಸುಳ್ಳು, ನೀನೇ ಬಂದು ಬಿಚ್ಚು" ಎಂದಿದ್ದೀಯ. ಗುಂಡ ಸಂಜೆಯಾದರೆ ಸಾಕು ದೋಣಿಕಟ್ಟೆಗೆ ಓಡುತ್ತಾನಂತೆ. ಬಂದು ನಿಂತ ಪ್ರತಿಯೊಂದು ದೋಣಿಯ ಹಿಂಬದಿಗೂ ಹೋಗಿ, ನೀರಿಗೆ ಬಗ್ಗಿ, ಅಪ್ಪ ಇದ್ದಾರಾ ಎಂದು ನೋಡುತ್ತಾನಂತೆ. ಮೊನ್ನೆ ಇನ್ನೇನು ಬೀಳಬೇಕು, ಅಷ್ಟರಲ್ಲಿ ನಿಮ್ಮ ಐಸ್ ಫ್ಯಾಕ್ಟರಿಯ ವಾಚ್‌ಮನ್ ಚಡ್ಡಿ ಹಿಡಿದು ಎಳೆದನಂತೆ. ಇದನ್ನು ಓದಿದಾಗ ಗಿರಾಕಿಯೊಬ್ಬರ ಟೈರಿಗೆ ಗಾಳಿ ಹಾಕುತ್ತಿದ್ದೆ. ಎಷ್ಟು ಹಾಕಿದೆನೋ ಗೊತ್ತಿಲ್ಲ, ಟ್ಯೂಬ್ ಒಡೆಯಿತು.

ನಿನ್ನ ದೊಡ್ಡ ಮಗಳು ಹೋಗಿ, "ಅಪ್ಪ ಬೇರೆ ದೋಣಿ ತಳ್ತಿರ್ಬೇಕು ಕಣೋ, ನಾಳೆ ನೋಡೋಣ ಬಾ" ಎಂದು ಅವನನ್ನು ಕರೆತರುತ್ತಾಳಂತೆ. ಎಂಟು ವರ್ಷದ ಹುಡುಗಿ ಇಷ್ಟು ಪೆದ್ದಿಯಾ ಅಣ್ಣ ಎಂದು ಕೇಳಿದ್ದೀಯ.

ತಂಗಿ, ನೀನು ಆ ದಿನ ಫ್ಯಾಕ್ಟರಿಯ ಪಾಳಿಯಲ್ಲಿದ್ದೆ. ನೀನು ಕಂಡದ್ದು ದಡದಿಂದ ಕಾಣುವ ಮೋಡ ಮಾತ್ರ. ಅದಕ್ಕೇ ಬರೆಯುತ್ತಿದ್ದೇನೆ.

ರಜೆ ಮುಗಿಯಿತೆಂದು ನನ್ನಲ್ಲಿಗೆ ಬಂದಿದ್ದ ಮಕ್ಕಳನ್ನು ಕರೆದೊಯ್ಯಲು ಭಾವ ಹಾಯಿದೋಣಿ ತಂದಿದ್ದರು. ಹರಟೆಗೆ ಜನ ಬೇಕಲ್ಲ ಎಂದು ನಾನೂ ಹತ್ತಿದೆ. ಇಡೀ ಪೇಟೆಯಲ್ಲಿ ಎರಡೂ ಕೈ ಬಿಟ್ಟು ಸೈಕಲ್ ಹೊಡೆಯುವವನು ನಾನೊಬ್ಬನೇ, ನಿಮ್ಮ ಚುಕ್ಕಾಣಿ ನನಗೆ ಯಾವ ಲೆಕ್ಕ ಎಂದು ಕೊಚ್ಚಿಕೊಂಡೆ. ಭಾವ ನಕ್ಕು, "ಹಿಡೀರಿ ಮತ್ತೆ. ಆದ್ರೆ ಕೈ ಮಾತ್ರ ಬಿಡ್ಬೇಡಿ" ಅಂದರು. ಹೊರಟಾಗ ಬಿಸಿಲಿತ್ತು. ಅರ್ಧ ದಾರಿ ದಾಟಿದ ಮೇಲೆ ನೀರು ಸೀಸದ ಬಣ್ಣಕ್ಕೆ ತಿರುಗಿತು. ಆಮೇಲೆ ಗಾಳಿ ಬಂತು. ಅದನ್ನು ಬೀಸಿತು ಎನ್ನುವಂತಿಲ್ಲ, ಒದೆಯಿತು. ಭಾವ ಮಕ್ಕಳಿಬ್ಬರನ್ನೂ ದೋಣಿಯ ತಳದಲ್ಲಿ ಕೂರಿಸಿ ಮೇಲೆ ಟಾರ್ಪಾಲು ಹೊದಿಸಿದರು. ಹಾಯಿ ಇಳಿಸಲು ಹೋದರೆ ಮೇಲಿನ ರಾಟೆಯಲ್ಲಿ ಹಗ್ಗ ಸಿಕ್ಕಿಹಾಕಿಕೊಂಡಿತ್ತು. ಹಾಯಿ ಇಳಿಯದಿದ್ದರೆ ದೋಣಿ ಮಗುಚುತ್ತಿತ್ತು, ಅಷ್ಟು ನನಗೂ ಅರ್ಥವಾಯಿತು. ಅವರು ಅಂಚಿನ ಮೇಲೆ ನಿಂತು ಹಗ್ಗ ಜಗ್ಗಿದರು. ಬಿಡಿಸಿಯೂ ಬಿಟ್ಟರು. ಹಾಯಿ ಇಳಿಯಿತು. ಇಳಿಯುವಾಗ ಅದರ ಬೊಂಬು ತಿರುಗಿ ಅವರಿಗೆ ಬಡಿಯಿತು.

ನೀರಿನಲ್ಲಿ ಒಂದು ಸಲ ತಲೆ ಕಂಡಿತು, ಇನ್ನೊಂದು ಸಲ ಕೈ. ಏನೋ ಕೂಗಿದರು. ಊರವರಿಗೆಲ್ಲ, "ತಿರುಗಿಸ್ಬೇಡಿ, ಮಕ್ಕಳನ್ನ ಕರ್ಕೊಂಡು ಹೋಗಿ" ಎಂದು ಭಾವ ಕೂಗಿದರು ಎಂದೇ ಹೇಳಿದ್ದೇನೆ. ನಿನ್ನ ಹತ್ತಿರ ಹಾಗೆ ಹೇಳಲಾರೆ. ನನಗೆ ಕೇಳಿಸಲಿಲ್ಲ ತಂಗಿ. ದೋಣಿಯನ್ನು ಅಡ್ಡ ತಿರುಗಿಸಿದ್ದರೆ ಅಲೆ ಒಳಗೆ ಬಂದು ಮಕ್ಕಳು ಉಳಿಯುತ್ತಿರಲಿಲ್ಲ. ತಿರುಗಿಸಲಿಲ್ಲ. ಯಾಕೆ ತಿರುಗಿಸಲಿಲ್ಲ ಎಂದು ನೀನು ಕೇಳಿಲ್ಲ, ಅದು ನಿನ್ನ ದೊಡ್ಡತನ.

ಆಗ ಟಾರ್ಪಾಲಿನ ಒಳಗಿಂದ ಗುಂಡನ ದನಿ, "ಮಾವಾ, ಅಪ್ಪ ಯಾಕೆ ಮಾತಾಡ್ತಿಲ್ಲ?" ನನ್ನ ಎರಡೂ ಕೈ ಚುಕ್ಕಾಣಿಗೆ ಅಂಟಿದ್ದವು, ಅವನು ಎದ್ದು ಓಡಿದ್ದರೆ ಹಿಡಿಯುವವರು ಯಾರು? ಬಾಯಿಗೆ ಬಂದದ್ದು ಹೇಳಿದೆ. "ಬಸ್ಸು ಕೆಟ್ರೆ ಇಳಿದು ತಳ್ಳಲ್ವೇನೋ? ಹಾಗೇ ನಿಮ್ಮಪ್ಪ ಇಳಿದು ಹಿಂದಿಂದ ತಳ್ತಿದಾರೆ. ನೀನು ಅಲ್ಲಾಡಿದ್ರೆ ಭಾರ ಆಗತ್ತೆ, ಸುಮ್ನೆ ಕೂತ್ಕೋ." ಅವನು ನಕ್ಕ. ಆ ಗಾಳಿಯಲ್ಲಿ ನಕ್ಕ, ತಂಗಿ. ಅಲೆ ಎತ್ತಿ ಎಸೆದಾಗಲೆಲ್ಲ, "ಅಪ್ಪ ಈಗ ಜೋರಾಗಿ ತಳ್ಳಿದ್ರು ಅಲ್ವಾ?" ಎನ್ನುತ್ತಿದ್ದ. "ಹೂಂ, ನಿಮ್ಮಪ್ಪ ಅಂದ್ರೆ ಏನಂದ್ಕೊಂಡೆ" ಎನ್ನುತ್ತಿದ್ದೆ. ದಡದವರೆಗೂ ಅವನು ಅಲುಗಲಿಲ್ಲ. ಜೀವಮಾನದಲ್ಲಿ ನಾನು ಬಿಟ್ಟ ಬೂಸಿಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಅದೇ ಈಗ ಅವನನ್ನು ನೀರಿನ ಅಂಚಿಗೆ ಎಳೆಯುತ್ತಿದೆ.

ನಿನ್ನ ನಿಜವಾದ ಸಿಟ್ಟು ಬೇರೆ ಇದೆ, ಗೊತ್ತು. ಕಟ್ಟೆಯ ಮೇಲೆ ಓಡಿ ಬಂದ ನಿನಗೆ, "ಭಾವ ಹಿಂದೆ ಬೇರೆ ದೋಣೀಲಿ ಬರ್ತಿದಾರೆ, ಗಾಬರಿ ಆಗ್ಬೇಡ" ಅಂದೆ. ನೀನು ಒಣಬಟ್ಟೆಯ ಚೀಲ ತಬ್ಬಿಕೊಂಡು ಮಾರನೆಯ ಮಧ್ಯಾಹ್ನದವರೆಗೆ ಅಲ್ಲಿಯೇ ನಿಂತೆ. ಹುಡುಕಲು ಹೋದವರು ಬರಿಗೈಯಲ್ಲಿ ಬಂದಾಗಲೇ ನಿನಗೆ ತಿಳಿದದ್ದು. "ಮಕ್ಕಳಿಗೆ ಹೇಳಿದ್ದು ಬಿಡು ಅಣ್ಣ, ನನಗ್ಯಾಕೆ ಹೇಳಿದೆ? ನಾನೇನು ಮಗುವಾ?" ಎಂದು ಬರೆದಿದ್ದೀಯ. ಆ ಜಾಗದಲ್ಲಿ ಶಾಯಿ ಕದಡಿದೆ. ಅದಕ್ಕೆ ಏನು ಹೇಳಲಿ? ನನ್ನ ನಾಲಿಗೆಯೇ ಹಾಗೆ ಎಂದುಕೊ.

ಬುಧವಾರ ಬಸ್ಸಿಗೆ ಬರುತ್ತೇನೆ. ಗುಂಡನನ್ನು ಕಟ್ಟೆಗೆ ಕರೆದುಕೊಂಡು ಹೋಗಿ, ಕೈ ಹಿಡಿದು ಕೂರಿಸಿಕೊಂಡು, ಅಪ್ಪ ಇನ್ನು ಬರುವುದಿಲ್ಲ ಕಣೋ, ಮಾವ ಸುಳ್ಳು ಹೇಳಿದ್ದ ಎನ್ನುತ್ತೇನೆ. ಹೇಗೆ ಹೇಳಬೇಕೆಂದು ಅಂಗಡಿಯಲ್ಲಿ ಒಬ್ಬನೇ ಹೇಳಿ ಹೇಳಿ ನೋಡುತ್ತಿದ್ದೇನೆ. ಎಂಥೆಂಥವರನ್ನೋ ಮಾತಿನಲ್ಲಿ ಮಲಗಿಸಿದ ನನಗೆ ಎರಡನೇ ವಾಕ್ಯ ಬರುತ್ತಿಲ್ಲ. ಅವನು ನನ್ನನ್ನು ಹೊಡೆಯಲಿ, ಉಗುಳಲಿ, ಇನ್ನು ಮಾವ ಎನ್ನದೇ ಇರಲಿ, ನೀರಿನ ಹತ್ತಿರ ಹೋಗದಿದ್ದರೆ ಸಾಕು. ಅಲ್ಲಿಯವರೆಗೆ ಬಾಗಿಲಿಗೆ ಮೇಲಿನ ಚಿಲಕ ಹಾಕು.

ನಿನ್ನ ಬಾಯಿಬಡುಕ ಅಣ್ಣ

ತಾಜಾಕಲಮು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗ್ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆಯಲ್ಲ. ಹೇಳುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ದಡದಲ್ಲಿ ದೊಡ್ಡವಳನ್ನು ಎತ್ತಿ ಇಳಿಸುವಾಗ ಅವಳು ನನ್ನ ಕುತ್ತಿಗೆ ತಬ್ಬಿ ಕಿವಿಯಲ್ಲಿ ಅಂದಳು, "ಮಾವ, ಅಪ್ಪ ಬಿದ್ದಿದ್ದು ಟಾರ್ಪಾಲಿನ ಸಂದೀಲಿ ನಾನು ನೋಡ್ದೆ. ಯಾರಿಗೂ ಹೇಳ್ಬೇಡ. ತಮ್ಮಂಗೆ ಹೇಳಿದ್ಯಲ್ಲ, ಅಮ್ಮಂಗೂ ಹಾಗೇ ಏನಾದ್ರೂ ಹೇಳು. ಅಮ್ಮ ತಡ್ಕೊಳಲ್ಲ." ಅವಳು ಪೆದ್ದಿಯಲ್ಲ. ಗುಂಡನಿಗೆ ನಾನು ಬಂದು ಹೇಳುತ್ತೇನೆ. ಅವಳಿಗೆ ಹೇಳುವುದು ಏನೂ ಉಳಿದಿಲ್ಲ. ಈ ಕಾಗದ ಮುಟ್ಟಿದ ದಿನ ಅವಳು ಶಾಲೆಯಿಂದ ಬಂದ ಕೂಡಲೇ ಹತ್ತಿರ ಕೂರಿಸಿಕೊ, ಏನೂ ಕೇಳಬೇಡ. ಅವಳ ಎದುರಿಗೆ ನೀನು ಮೊದಲು ಅಳು. ಆಗಲಾದರೂ ಅವಳು ಅಳುತ್ತಾಳೆ.