ನೀರಿನ ಮೇಲಿನ ಸಭೆ

ಅಕ್ಕಾ, ನಾನು ಸೇರಿರುವ ಸರ್ಫಿಂಗ್ ಕ್ಲಬ್ಬಿನ ತಿಂಗಳ ಸಭೆ ಸಮುದ್ರದಲ್ಲೇ ನಡೆಯುತ್ತದೆ. ಆಳೆತ್ತರಕ್ಕಿಂತ ಉದ್ದದ ಹಲಗೆಗಳ ಮೇಲೆ ನಿಂತು ಕೈ ಎತ್ತಿ ಮತ ಹಾಕಬೇಕು. ಬಿದ್ದವರ ಮತ ಲೆಕ್ಕಕ್ಕಿಲ್ಲ. ಬೇಕರಿಯಜ್ಜ ಎಂದೂ ಬೀಳುವುದಿಲ್ಲ, ಹಾಗಾಗಿ ಯಾವಾಗಲೂ ಅವರೇ ಅಧ್ಯಕ್ಷರು.

ನಿನ್ನೆ ಅವರು ನನ್ನತ್ತ ತಿರುಗಿ, "ಈ ವರ್ಷ ನರ್ಸಮ್ಮನೇ ಕಾರ್ಯದರ್ಶಿ. ಬೇಡ ಅನ್ನೋರು ಕೈ ಎತ್ರಪ್ಪಾ" ಎಂದರು. "ಅಯ್ಯೋ, ಮುಂದಿನ ತಿಂಗಳು ನಾನು ಊರಿಗೆ ಹೊರಟೋಳು!" ಎಂದು ಕೈ ಎತ್ತಿದ್ದೇ ತಡ, ದುಡುಮ್ಮನೆ ನೀರಿಗೆ ಬಿದ್ದೆ. ಮೇಲೆ ಬರುವಷ್ಟರಲ್ಲಿ ಆಯ್ಕೆ ಮುಗಿದಿತ್ತು. ಚಪ್ಪಾಳೆ ತಟ್ಟಲು ಹೋಗಿ ಇನ್ನಿಬ್ಬರು ಬಿದ್ದರು.

ಆಸ್ಪತ್ರೆಯವರೂ ನನ್ನ ಕೆಲಸವನ್ನು ಇನ್ನೊಂದು ವರ್ಷ ಮುಂದುವರಿಸಲು ಒಪ್ಪಿದ್ದಾರೆ. ಕಿವಿಗೆ ನೀರು ಹೊಕ್ಕಿದೆ, ಉಳಿದಂತೆ ಆರಾಮ. ಬರುವುದು ಒಂದು ವರ್ಷ ತಡವೆಂದು ಅಮ್ಮನಿಗೆ ನೀನೇ ಹೇಳು. ನಾನು ಹಲಗೆಯಿಂದ ಬೀಳುವುದನ್ನು ಬಿಟ್ಟು ತಿಂಗಳುಗಳಾಗಿದ್ದವು ಎಂಬುದನ್ನು ಮಾತ್ರ ಹೇಳಬೇಡ.

ಅವಸರದಲ್ಲಿ,
ನಿನ್ನ ತಂಗಿ