ನಿನ್ನ ಸರದಿಯಲ್ಲಿ ನಾನು ಊದಿದ್ದು

ಪ್ರೀತಿಯ ಕಂಬ,

ಹದಿನಾರು ವರ್ಷ ಬಾಯಿ ಹೊಲಿದುಕೊಂಡಿದ್ದವನು ಅಡ್ಡಹೆಸರು ಹಿಡಿದು ಕರೆಯುತ್ತಿದ್ದಾನಲ್ಲ ಎಂದು ಸಿಡುಕಬೇಡ. ನಿನ್ನಷ್ಟೇ ಎತ್ತರದ ತಂತಿವಾದ್ಯ ಡಬಲ್ ಬೇಸನ್ನು ತಬ್ಬಿಕೊಂಡು ಅಲ್ಲಾಡದೆ ನಿಲ್ಲುತ್ತಿದ್ದ ನಿನಗೆ ಬೇರೆ ಹೆಸರು ನನ್ನ ಬಾಯಿಗೆ ಬರುವುದೇ ಇಲ್ಲ.

ಹೋಟೆಲಿನ ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿ ನಮ್ಮ ತಾಲೀಮು. ಸೋಪಿನ ವಾಸನೆ, ಒದ್ದೆ ಗೋಡೆ, ಪಿಯಾನೋ, ಡ್ರಮ್ಸ್, ನಿನ್ನ ಬೇಸ್, ನನ್ನ ಸ್ಯಾಕ್ಸೋಫೋನು. ಮೇಲಿನ ಹಾಲಿನಲ್ಲಿ ಜಾಝ್ ಕೇಳಲು ಬಂದವರಿಗಿಂತ ಊಟಕ್ಕೆ ಬಂದವರೇ ಜಾಸ್ತಿ. ಆದರೂ ನಾವು ರಾಜರ ಹಾಗಿದ್ದೆವು ಕಣೋ. ಬರೆದಿಟ್ಟು ನುಡಿಸಿದ್ದು ಕಡಿಮೆ. ತನ್ನ ಸರದಿ ಬಂದಾಗ ತೋಚಿದ್ದನ್ನು ಕಟ್ಟುತ್ತಾ ಹೋಗುವುದು. ಸರದಿ ಬೇಕಾದವನು ಗದ್ದ ಎತ್ತಬೇಕು, ನುಡಿಸುತ್ತಿದ್ದವನು ಬಿಟ್ಟುಕೊಡಬೇಕು. ನಮ್ಮಲ್ಲಿದ್ದದ್ದು ಅದೊಂದೇ ಕಾನೂನು.

ಆ ಸಂಜೆ ನಿನ್ನ ಅಮ್ಮ ಮೊದಲ ಸಲ ಬಂದಿದ್ದರು. “ಕೊನೇ ಹಾಡಲ್ಲಿ ನಂಗೆ ಸ್ವಲ್ಪ ಜಾಗ ಬಿಡೋ,” ಅಂದಿದ್ದೆ ನೀನು. “ಅದನ್ನೂ ಕೇಳ್ಬೇಕೇನೋ,” ಅಂದಿದ್ದೆ ನಾನು. ಆದರೆ ಅವತ್ತು ಊಟ ಬಿಟ್ಟು ಜನ ಚಪ್ಪಾಳೆ ತಟ್ಟಿದರು, ನನ್ನ ತಲೆ ತಿರುಗಿತು. ನೀನು ಗದ್ದ ಎತ್ತಿದೆ. ಇನ್ನೊಮ್ಮೆ ಎತ್ತಿದೆ. ನಾನು ಊದುತ್ತಲೇ ಇದ್ದೆ, ಹಾಡು ಮುಗಿದೇ ಹೋಯಿತು. ಆಮೇಲೆ ಕೆಳಗೆ ಬಂದು, “ಕಣ್ಣು ಮುಚ್ಚಿದ್ದೆ ಕಣೋ, ಕಾಣಲಿಲ್ಲ,” ಅಂದೆ. ಸುಳ್ಳು. ಎರಡು ಸಲವೂ ಕಂಡಿತ್ತು. ನೀನು ತಂತಿ ಒರೆಸಿ, ವಾದ್ಯಕ್ಕೆ ಹೊದಿಕೆ ಹಾಕಿ ಹೊರಟೆ. ಮತ್ತೆ ಬರಲಿಲ್ಲ.

ನೀನಿಲ್ಲದ ಬ್ಯಾಂಡು ಮೂರು ತಿಂಗಳೂ ನಿಲ್ಲಲಿಲ್ಲ. ನಾನು ಹೇಗೋ ಟಿವಿ ಧಾರಾವಾಹಿಗೆ ಬರೆಯುವ ಕೆಲಸಕ್ಕೆ ಬಿದ್ದೆ. ಮೊದಲ ಕಂತಿನಲ್ಲೇ ಎಡವಟ್ಟು ಮಾಡಿಕೊಂಡೆ. “ಏನ್ರೀ ಇದು, ಅರ್ಧ ಪುಟ ಖಾಲಿ? ಅತ್ತೆ ಇಲ್ಲಿ ಏನ್ ಮಾತಾಡ್ಬೇಕು?” ಅಂತ ನಿರ್ದೇಶಕರು ಕೂಗಿದರು. “ಅವರಿಗೆ ತೋಚಿದ್ದು ಸಾರ್, ಅದು ಅವರ ಸರದಿ,” ಅಂದೆ. ಸೆಟ್ಟಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನಿದ್ದರೆ ನೀನೂ ನಗುತ್ತಿದ್ದೆ. ನನಗೆ ಮಾತ್ರ ನಗು ಬರಲಿಲ್ಲ. ಯಾರೋ ಅತ್ತೆಗೆ ಅರ್ಧ ಪುಟ ಬಿಟ್ಟುಕೊಟ್ಟವನು ನಿನಗೆ ಒಂದು ನಿಮಿಷ ಬಿಡಲಿಲ್ಲವಲ್ಲ! ಇವತ್ತಿಗೂ ಒಬ್ಬರ ಮಾತನ್ನು ಇನ್ನೊಬ್ಬರು ನುಂಗುವ ಸಾಲು ಬಂದರೆ ಹೊಡೆದುಹಾಕುತ್ತೇನೆ.

ಹೋದ ವಾರ ಕಣ್ಣಿನ ಆಸ್ಪತ್ರೆಯಲ್ಲಿ ನಿನ್ನ ಅಮ್ಮ ಸಿಕ್ಕಿದರು. ಗೋಡೆಯ ಟಿವಿಯಲ್ಲಿ ನನ್ನದೇ ಧಾರಾವಾಹಿ ಬರುತ್ತಿತ್ತು. “ಆ ಸೊಸೇನ ಯಾಕಪ್ಪಾ ದಿನಾ ಅಳಿಸ್ತೀಯ?” ಅಂತ ಮೊದಲು ಬೈದರು. ನನಗೆ ತಡೆಯಲಾಗಲಿಲ್ಲ. ಅಲ್ಲೇ, ಕಣ್ಣಿಗೆ ಹತ್ತಿ ಇಟ್ಟುಕೊಂಡು ಕೂತವರ ನಡುವೆ, ಆ ಸಂಜೆಯದ್ದನ್ನೆಲ್ಲ ಒಪ್ಪಿಕೊಂಡೆ.

“ಅಯ್ಯೋ, ನೀನು ಯಾವಾಗ ಊದಿದೆ, ಯಾವಾಗ ಬಿಟ್ಟೆ, ನಂಗೇನ್ ಗೊತ್ತು? ನಾನು ನಿನ್ನ ಕಡೆ ನೋಡ್ಲೇ ಇಲ್ಲಪ್ಪ. ಇಡೀ ಹೊತ್ತು ನನ್ನ ಮಗನ ಕೈನೇ ನೋಡ್ತಾ ಕೂತಿದ್ದೆ,” ಅಂದರು. ಆಮೇಲೆ ಮೆಲ್ಲಗೆ, “ಅವತ್ತಿಂದ ಅವನು ಆ ವಾದ್ಯಾನ ಮುಟ್ಟೇ ಇಲ್ಲ. ಕೇಳಿದ್ರೆ, ನಿಂಗೇನ್ ಕೇಳ್ಸಿತ್ತು ಬಿಡಮ್ಮ ಅಂತಾನೆ,” ಅಂದರು.

ಕಂಬ, ಅವರಿಗೆ ನಿನ್ನ ಹೊರತು ಬೇರೇನೂ ಕೇಳಿಸಿರಲಿಲ್ಲ ಕಣೋ. ಅದರಿಂದ ನನ್ನ ತಪ್ಪೇನೂ ಕರಗುವುದಿಲ್ಲ, ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು. ಧಾರಾವಾಹಿಯಲ್ಲಿ ಒಂದು ಬ್ಯಾಂಡಿನ ದೃಶ್ಯ ಬರೆದು ನಿನ್ನನ್ನು ಕರೆಯೋಣವೆಂದು ಮೊದಲು ಯೋಚಿಸಿದ್ದೆ. ಅದು ಮತ್ತೆ ನನ್ನದೇ ಮೆರವಣಿಗೆಯಾಗುತ್ತಿತ್ತು, ಹರಿದು ಹಾಕಿದೆ. ನನಗಾಗಿ ಏನೂ ಮಾಡಬೇಡ. ಈ ಕಾಗದ ಮಡಿಸಿಟ್ಟು ಎದ್ದು ಆ ಹೊದಿಕೆ ತೆಗೆ. ಎದುರಿಗೆ ಅಮ್ಮನಿಗೊಂದು ಕುರ್ಚಿ ಹಾಕು. ಆದರೆ ಬರುವ ಶುಕ್ರವಾರ ಅವರಿಗೆ ಕಣ್ಣಿನ ಆಪರೇಷನ್ ಇದೆಯಲ್ಲ. ಅದಕ್ಕೆ ಮುಂಚೆ ಅವರ ಮುಂದೆ ನುಡಿಸಬೇಡ. ಪಟ್ಟಿ ಬಿಚ್ಚಿದ ಮೇಲೆ ನುಡಿಸು, ಅವರಿಗೆ ನಿನ್ನ ಕೈ ಚೆನ್ನಾಗಿ ಕಾಣಬೇಕು.

ನಿನ್ನ ಬೆರಳುಗಳು ನೂರು ಕಾಲ ಗಟ್ಟಿಯಾಗಿರಲಿ.

ಇಂತಿ,
ತಡವಾಗಿ ಬಿಟ್ಟುಕೊಟ್ಟ ನಿನ್ನ
ಪೀಪಿ