ಬಸ್ಸಿನ ಸೀಟಿನಿಂದ ಕಂಡಷ್ಟು

ನವೆಂಬರ್ ೧೨, ಗುರುವಾರ

ಆ ಮೂರು ಗಾಲಿಯ ಸೈಕಲ್ಲು ಕೊಳ್ಳುವುದೋ ಬೇಡವೋ, ಇವತ್ತೂ ತೀರ್ಮಾನವಾಗಲಿಲ್ಲ. ಓಡಿಸಿ ನೋಡಿ ಎಂದು ಅಂಗಡಿಯವನು ಒಂದು ದಿನದ ಮಟ್ಟಿಗೆ ಕೊಟ್ಟಿದ್ದಾನೆ. ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ನೆಲಕ್ಕೆ ಹತ್ತಿರ ಕೂತು, ಕಾಲು ಮುಂದೆ ಚಾಚಿ ತುಳಿಯಬೇಕು. ಹಿಂದೆ ಕೋಲಿಗೊಂದು ಹಳದಿ ಬಾವುಟ. ತಲೆಸುತ್ತು ಹತ್ತಿಕೊಂಡು ಬಸ್ಸು ಓಡಿಸುವ ಕೆಲಸ ಬಿಟ್ಟ ಮೇಲೆ, ಯಾರ ಕೈಯನ್ನೂ ಹಿಡಿಯದೆ ನಾನು ಬೀದಿ ದಾಟಿದ್ದು ಇವತ್ತೇ ಮೊದಲು. ಮುಖಕ್ಕೆ ಗಾಳಿ ಬಡಿಯಿತು. ಒಬ್ಬನೇ ನಕ್ಕೆ ಅಂತ ಕಾಣುತ್ತದೆ.

ಅಷ್ಟಕ್ಕೆ ಸುಮ್ಮನೆ ಮನೆಗೆ ಬರಬಾರದಿತ್ತೇ? ಹಳೇ ಚಾಳಿ, ಡಿಪೋಗೆ ಹೋದೆ. ನಾನೇ ಪಳಗಿಸಿದ ಡ್ರೈವರಮ್ಮನನ್ನು ನನ್ನ ಹಳೇ ಬಸ್ಸಿನ ಸೀಟಿನಲ್ಲಿ ಕೂರಿಸಿ, ಸೈಕಲ್ಲನ್ನು ಬಾಗಿಲ ಪಕ್ಕಕ್ಕೆ ತಂದು ನಿಲ್ಲಿಸಿದೆ. ಕನ್ನಡಿಗೆ ಕಾಣದ ಜಾಗ ಇದೇ ಎಂದು ಹೊಸಬರಿಗೆ ಅಲ್ಲಿ ಬಕೆಟ್ಟು ಇಟ್ಟು ಪಾಠ ಹೇಳುತ್ತಿದ್ದವನು ನಾನು.

“ಕನ್ನಡಿ ನೋಡಿ ಹೇಳಮ್ಮ, ಏನು ಕಾಣ್ತಿದೆ?”

“ಬಾವುಟದ ತುದಿ ಕಾಣ್ತಿದೆ ಮೇಷ್ಟ್ರೇ. ನೀವೆಲ್ಲಿದ್ದೀರಾ?”

ಕೈ ಹಿಂದೆ ಚಾಚಿ ಬಾವುಟದ ಕೋಲು ಅಲ್ಲಾಡಿಸಿದೆ.

ಮನೆಗೆ ಬಂದರೆ ಇವಳು, “ಹೇಗಿತ್ತು ರೀ?” ಅಂದಳು.

“ಚೆನ್ನಾಗಿತ್ತು.”

“ಹಾಗಿದ್ರೆ ತಗೊಂಡ್ಬಿಡಿ. ಎಷ್ಟು ದಿನ ಅಂತ ಗೋಡೆ ಹಿಡ್ಕೊಂಡು ಓಡಾಡ್ತೀರಾ?”

ಡಿಪೋದ ವಿಷಯ ಹೇಳಲಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ.

ಬಾವುಟ ಕಾಣುತ್ತದಲ್ಲ ಎಂದು ಆಗಿನಿಂದ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ. ಆದರೆ ಆ ಸೀಟಿನಲ್ಲಿ ನಾನಿದ್ದಿದ್ದರೆ? ಹೊತ್ತಾಗಿದೆ, ಜನ ಬೈಯುತ್ತಿದ್ದಾರೆ, ಕನ್ನಡಿಯ ಅಂಚಿನಲ್ಲಿ ಏನೋ ಹಳದಿ ಅಲ್ಲಾಡುತ್ತದೆ. ಯಾವುದೋ ಕವರು ಹಾರುತ್ತಿದೆ ಅಂದುಕೊಂಡು ಬಸ್ಸು ತಿರುಗಿಸಿಬಿಡುತ್ತಿದ್ದೆ.

ಆದರೂ ಆ ಗಾಳಿ ಇನ್ನೂ ಮುಖದ ಮೇಲೇ ಇದೆ. ನಾಳೆ ಅಂಗಡಿಯವನಿಗೆ ಏನು ಹೇಳಲಿ?